ನಮ್ಮೂರಿಗೆ ಹೆಚ್ಚಾದ ತ್ರಿವೇಣಿ ಟೀಚರ್

ಮಾನ್ಯ ಶಿಕ್ಷಣಾಧಿಕಾರಿಗಳೇ,

ಹೆಬ್ಬೂರಿನಾಚೆಯ ನಮ್ಮ ಹಳ್ಳಿಯಲ್ಲಿ ಏನೋ ಒಂದು ಹೆಚ್ಚಾಗಿದೆ ಎಂದು ಸರ್ಕಾರ ಹೇಳಿದ್ದು ನನ್ನ ಆಯುಸ್ಸಿನಲ್ಲಿ ಇದೇ ಮೊದಲು. ಬಸ್ಸು ಹೆಚ್ಚಾಗಲಿಲ್ಲ, ಕರೆಂಟು ಹೆಚ್ಚಾಗಲಿಲ್ಲ, ಟೀಚರು ಹೆಚ್ಚಾದರಂತೆ! ಶಾಲೆಯಲ್ಲಿದ್ದ ಇಬ್ಬರಲ್ಲಿ ತ್ರಿವೇಣಿ ಟೀಚರನ್ನು 'ಹೆಚ್ಚುವರಿ' ಎಂದು ಗುರುತಿಸಿ ತುಮಕೂರಿನ ಕಡೆ ಕಳಿಸಿದಿರಿ. ಐದು ತರಗತಿಗೆ ಉಳಿದವರು ರೇಣುಕಾಪ್ರಸಾದ್ ಮೇಷ್ಟ್ರೊಬ್ಬರೇ. ಅವರು ಒಂದನೇ ತರಗತಿಗೆ ಅಕ್ಷರ ತಿದ್ದಿಸುವಾಗ ಐದನೆಯದು ಕಿಟಕಿಯಲ್ಲಿರುತ್ತದೆ. ಐದರ ಕಡೆ ತಿರುಗಿದರೆ ಒಂದನೆಯದು ಅಂಗಳದಲ್ಲಿ. ನಡುವೆ ನೀವು ಕರೆದ ಮೀಟಿಂಗಿಗೆ ಓಡಬೇಕು. ಮೀಟಿಂಗಿನ ವಿಷಯ ಗುಣಮಟ್ಟದ ಕಲಿಕೆಯಂತೆ. ಒಳ್ಳೆಯದೇ.

ಅವರು ಮೀಟಿಂಗಿಗೆ ಹೋದ ದಿನ ಶಾಲೆ ನೋಡಿಕೊಳ್ಳಲು ಊರವರು ಸರದಿ ಹಾಕಿಕೊಂಡಿದ್ದೇವೆ. ಕುರಿ ಮೇಯಿಸುವ ಅಂಜಿನಪ್ಪನ ಸರದಿಯಲ್ಲಿ ಒಂದು ಮಗುವೂ ಹೊರಗೆ ಬರಲಿಲ್ಲ. "ಏನ್ ಮಾಡ್ದ್ಯಲಾ?" ಎಂದು ಕೇಳಿದೆ. "ಗೇಟಿಗೆ ಅಡ್ಡ ಮಲೀಕಂಡೆ ಕಣಣ್ಣೋ, ಹೆಂಗ್ ಹೋಯ್ತವೆ?" ಎಂದ.

ಆಮೇಲೆ ನನ್ನ ಸರದಿ. ನಾನು ಟೈಲರ್. ಅಂಗಡಿ ಬೋರ್ಡು, ಹಳೇ ಪೇಪರು ನೋಡಿ ಓದು ಕಲಿತವನು. ಮಕ್ಕಳ ಕೈಗೆ ಟೇಪು ಕೊಟ್ಟು ಒಬ್ಬರ ಭುಜ ಒಬ್ಬರಿಂದ ಅಳೆಸಿದೆ. ಖುಷಿಯೋ ಖುಷಿ! ಅಷ್ಟರಲ್ಲಿ ಮೂರನೇ ತರಗತಿಯ ನನ್ನ ಮೊಮ್ಮಗಳು ಲಾಸ್ಯ ಸ್ಲೇಟು ಹಿಡಿದು ಬಂದಳು.

"ತಾತ, ಮೂವತ್ತೆರಡ್ರಲ್ಲಿ ಹದಿನೇಳು ಕಳಿ."

"ಹದಿನೈದು."

"ಅದು ಉತ್ರ. ಎರಡ್ರಲ್ಲಿ ಏಳು ಹೋಗಲ್ವಲ್ಲ, ಹೆಂಗ್ ಕಳ್ದೆ ಹೇಳು."

ಜೀವಮಾನವೆಲ್ಲ ಬಟ್ಟೆ ಅಳೆದವನಿಗೆ ಉತ್ತರ ಗೊತ್ತು, ಹೇಗೆಂದು ಹೇಳಿಕೊಡಲು ಬಾರದು. "ತ್ರಿವೇಣಿ ಮಿಸ್ ಹತ್ತತ್ತು ಕಡ್ಡಿ ಕಟ್ಟು ಬಿಚ್ಚಿ ತೋರಿಸ್ತಿದ್ರು" ಎಂದು ಅವಳು ಸ್ಲೇಟು ಒರೆಸಿಬಿಟ್ಟಳು.

ಈಗ ಸೊಸೆ ಕಾವ್ಯ ಟಿ.ಸಿ. ತೆಗೆಸಲು ಹೊರಟಿದ್ದಾಳೆ. "ಮಾವ, ನೀವು ಚೆನ್ನಾಗ್ ಆಡಿಸ್ತೀರ, ಇಲ್ಲ ಅನ್ನಲ್ಲ. ಕಲಿಯೋದ್ ಯಾವಾಗ? ಕಾನ್ವೆಂಟ್ ವ್ಯಾನ್ ಊರೊಳಗೇ ಬರತ್ತೆ." ತಪ್ಪೆನ್ನಲೇ? ಲಾಸ್ಯ ವ್ಯಾನು ಹತ್ತಿದರೆ ಪಕ್ಕದ ಮನೆಯ ಜೈಬಾ ಕೂಡ ಹತ್ತುತ್ತಾಳೆ. ಉಳಿಯುವುದು ವ್ಯಾನಿಗೆ ಕೊಡಲಾಗದ ಮನೆಯ ಮಕ್ಕಳು. ಆಗ ಮಕ್ಕಳು ಕಡಿಮೆ ಎಂದು ಬೀಗ ಹಾಕುತ್ತೀರಿ. ಮಕ್ಕಳು ಯಾಕೆ ಕಡಿಮೆಯಾದರು ಎಂದು ಬೀಗವನ್ನು ಯಾರು ಕೇಳುತ್ತಾರೆ, ಸ್ವಾಮಿ?

ಅದಕ್ಕೇ ಸೊಸೆಗೆ ಹೇಳಿದೆ: "ತಡಿಯವ್ವ, ಸಾಹೇಬ್ರು ಒಳ್ಳೇರು. ಟೀಚರ್ನ ವಾಪಸ್ ಕಳಿಸ್ತಾರೆ."

"ನಿಮಗ್ ಅವ್ರು ಗೊತ್ತಾ, ಮಾವ?"

"ಇಲ್ಲ."

ಅವಳು ನಕ್ಕಳು. "ಆಯ್ತು, ಈ ತಿಂಗಳು ಕಾಯ್ತೀನಿ" ಎಂದಳು.

ಆದ್ದರಿಂದ ತ್ರಿವೇಣಿ ಟೀಚರನ್ನು ಈ ತಿಂಗಳೊಳಗೆ ನಮ್ಮ ಶಾಲೆಗೆ ಮರಳಿಸಿ. ನಿಮ್ಮ ಮುಖ ಕಾಣದೆಯೇ ನೀವು ಒಳ್ಳೆಯವರೆಂದು ಮನೆಯಲ್ಲಿ ಮಾತು ಕೊಟ್ಟುಬಿಟ್ಟಿದ್ದೇನೆ. ಅದನ್ನು ನಿಜ ಮಾಡುವುದು ನಿಮ್ಮ ಕೈಯಲ್ಲಿದೆ.

ಇಂತಿ,
ತಿಂಗಳ ಕೊನೆಯವರೆಗೆ ನಿಮಗೆ ಜಾಮೀನು ನಿಂತಿರುವ
ಅಡವಿಯಪ್ಪ, ಟೈಲರ್