ಮೀನಾ ಹುಟ್ಟಿದ ಊರು

ಮಗಳೇ ಕಮಲಾ,

ನಿನ್ನನ್ನು ಸಾಕಿ ಬೆಳೆಸಿದ ಸೋದರಮಾವ ಬರೆಯುತ್ತಿದ್ದೇನೆ. ಸಿಂದಗಿ ತಾಲೂಕಿನಲ್ಲಿ ನನ್ನಂಥ ಅಕ್ಷರ ಯಾರದೂ ಇಲ್ಲ, ನಿನಗೂ ಗೊತ್ತು. ಬರೀ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನ ಅರ್ಜಿ ಓದಿ ಊರ ಲೆಕ್ಕ ಬರೆಯುವ ತಲಾಟಿಯೇ ಕುರ್ಚಿ ಬಿಟ್ಟು ಎದ್ದಿದ್ದ. ನಗಬೇಡ. ಇವತ್ತು ಅದೇ ಕೈ ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆಯುತ್ತಿದೆ.

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದ ವರ್ಷ, ಐದು ವರ್ಷದ ಮಗಳು ಮೀನಾಳನ್ನು ಎತ್ತಿಕೊಂಡು ಇಂಗ್ಲೆಂಡಿನಿಂದ ಬಂದು ಇಂಡಿ ಸ್ಟೇಷನ್ನಿನಲ್ಲಿ ಇಳಿದಿ. “ಗಂಡಗ ಹೇಳಿ ಬಂದಿಯೇನ?” ಎಂದೆ. “ಹೇಳಿದ್ರ ಬಿಡ್ತಿದ್ದನೇನ್ ಮಾಮಾ? ದಿನಾ ಕೈ ಎತ್ತಾಂವ...” ಎಂದಿ. ನಾನು ಮೀಸೆ ತಿರುವಿ, “ವಿಲಾಯತಿ ರಾಣಿ ಬಂದ್ರೂ ಕೂಸಿನ್ನ ಕೊಡೂದಿಲ್ಲ” ಎಂದೆ. ಸ್ಟೇಷನ್ನಿನ ಮಂದಿಯೆಲ್ಲ ತಿರುಗಿ ನೋಡಿದರು. ಅದೇ ಬೇಕಾಗಿತ್ತು ನನಗೆ.

ಸಾಲಿಗೆ ಹಚ್ಚಿದ ದಿನ ನಿನಗೆ ಜ್ವರ. ನಾನೇ ಮೀನಾಳ ಕೈ ಹಿಡಿದು ಹೋದೆ. ಮಾಸ್ತರು ರಿಜಿಸ್ಟರ್ ತೆಗೆದು, “ಹುಟ್ಟಿದ್ದ ಎಲ್ಲಿರಿ?” ಎಂದರು. ಮೊದಲ ಬಾಣಂತನ ತವರಿನಲ್ಲಿ ಆಗಲಿಲ್ಲ ಎಂದರೆ ನಮ್ಮ ಮನೆತನದ ಮಾನ ಏನಾಗಬೇಕು? “ಇಲ್ಲೇರಿ, ನಮ್ಮ ಮನಿಯೊಳಗ. ತೊಟ್ಟಿಲಾ ನಾನ ಕಟ್ಟೇನಿ” ಎಂದೆ. ಬರೆದುಕೊಂಡರು. ಇಷ್ಟೇ ಕಮಲಾ. ಇಷ್ಟೇ ಆದದ್ದು.

ಕೂಸನ್ನು ತಿರುಗಿ ಕಳಿಸಬೇಕೆಂಬ ಇಂಗ್ಲೆಂಡಿನ ಕೋರ್ಟಿನ ಹುಕುಮು ಹಿಡಿದು ನಿನ್ನ ಗಂಡ ಬಂದಾಗ ಮುದ್ದೇಬಿಹಾಳದ ವಕೀಲರು ಧೈರ್ಯ ಹೇಳಿದ್ದರು, ನೆನಪಿದೆಯೇ? “ಅಲ್ಲಿಯ ಹುಕುಮು ಐತಿ ಅಂತ ಕಣ್ಣ ಮುಚ್ಚಿ ಕೊಟ್ಟ ಕಳಸೂದಿಲ್ಲವ್ವ. ಕೂಸಿನ ಹಿತಾ ನೋಡ್ತಾರ. ಇಲ್ಲಿ ಎಷ್ಟ ಹೊಂದಿಕೊಂಡೈತಿ, ತಂದವರ ಮಾತ ನಂಬೂ ಹಂಗ ಐತೋ ಇಲ್ಲೋ ನೋಡ್ತಾರ. ಸಾಲಿ ದಾಖಲಾ ತರ್ರಿ.” ತಂದುಕೊಟ್ಟವನು ನಾನು. ಅದನ್ನು ನೋಡಿ ವಕೀಲರು ಬರೆದ ಪ್ರಮಾಣಪತ್ರಕ್ಕೆ ಓದದೆ ಸಹಿ ಮಾಡಿದವಳು ನೀನು.

ಬೆಂಗಳೂರಿನ ಕೋರ್ಟಿನಲ್ಲಿ ಅವನ ವಕೀಲರು ಇಂಗ್ಲೆಂಡಿನ ದವಾಖಾನೆಯ ಜನನ ಪತ್ರವನ್ನು ಸಾಲಿಯ ದಾಖಲೆಯ ಪಕ್ಕಕ್ಕೆ ಇಟ್ಟರು. ಒಂದು ಕೂಸು, ಎರಡು ಹುಟ್ಟೂರು. ಜಡ್ಜ್ ಸಾಹೇಬರು ನಿನ್ನನ್ನೇ ಕೇಳಿದರು. ನೀನು ನನ್ನ ಕಡೆ ನೋಡಿದಿ. ಊರ ಪಂಚರ ಮುಂದೆ ಗಂಟೆಗಟ್ಟಲೆ ಮಾತಾಡುವ ನಿನ್ನ ಮಾಮಾ ಟೊಪಿಗಿ ತೆಗೆದು ತೊಡೆಯ ಮೇಲಿಟ್ಟು ಅದರ ಅಂಚು ತಿದ್ದುತ್ತ ಕೂತ.

ಗುಟ್ಟಾಗಿ ತಂದವಳು, ಹುಟ್ಟನ್ನೂ ಮುಚ್ಚಿಟ್ಟವಳು. ಹೊಡೆತದ ಮಾತನ್ನಾದರೂ ಹೇಗೆ ನಂಬುವುದು, ಎಂದರು ಜಡ್ಜ್ ಸಾಹೇಬರು. ಮೀನಾ ಬೆಳೆದದ್ದು ಅಲ್ಲಿ, ತಾಯಿಯೂ ಹೋಗಿ ಅಲ್ಲಿಯ ಕೋರ್ಟಿನಲ್ಲೇ ನ್ಯಾಯ ಕೇಳಲಿ ಎಂದು ತೀರ್ಪಾಯಿತು.

ಮೀನಾಳನ್ನು ಅವನ ಕೈಗೆ ಕೊಟ್ಟು ತಿರುಗಿ ಬರುವಾಗ ರೈಲಿನಲ್ಲಿ ಕೇಳಿದಿ: “ಮಾಸ್ತರ ತಪ್ಪ ಬರದಾರೇನ್ ಮಾಮಾ?” ನಾನು “ಹೂಂ” ಎಂದೆ. ಇಂಗ್ಲೆಂಡಿಗೆ ಹೋಗುವ ಕಾಗದಪತ್ರಕ್ಕೆ ಕಾಯುತ್ತಲೇ ನಿನಗೆ ಕಾಮಾಲೆ ಬಂತು. ಮೂರು ವಾರವೂ ನೀನು ತಡೆಯಲಿಲ್ಲ.

ಎಷ್ಟೋ ವರ್ಷದ ಮೇಲೆ, ಹೋದ ಸೋಮವಾರ ನಿನ್ನ ಹೆಸರಿಗೆ ಪತ್ರ ಬಂತು. ಮೀನಾ ಬರೆದದ್ದು, ಇಂಗ್ಲಿಷಿನಲ್ಲಿ. ನೀನಿಲ್ಲ ಎಂದು ಅವಳಿಗೆ ಯಾರೂ ಹೇಳಿಲ್ಲ. ಸಿಂದಗಿಯ ಹೈಸ್ಕೂಲ್ ಮಾಸ್ತರರಿಂದ ಓದಿಸಿದೆ. ‘ನೀನು ಕೋರ್ಟಿನಲ್ಲಿ ಸುಳ್ಳು ಹೇಳಿದಿ ಅಂತ ಅಪ್ಪ ಹೇಳುತ್ತಾರೆ. ಖರೇನಾ?’

ಉತ್ತರ ಬರೆಸಿದೆ. “ಮೊದಲ ಏನ್ ಬರೀಲಿರಿ, ತಾಯಿ ತೀರಿದ್ದ?” ಎಂದರು ಮಾಸ್ತರು. “ಅಲ್ರಿ. ‘ಸುಳ್ಳ ಹೇಳಿದಾಂವ ನಾನು, ನಿಮ್ಮವ್ವ ಅಲ್ಲ.’ ಅದನ್ನ ಮೊದಲ ಬರೀರಿ” ಎಂದೆ. ನೀನಿಲ್ಲ ಎಂಬುದು ಅದರ ಕೆಳಗಿದೆ. ನಾಳೆ ಮುಂಜಾನೆ ಟಪಾಲಿಗೆ ಹಾಕುತ್ತೇನೆ.

ನಿನಗೂ ಇವತ್ತೇ ಹೇಳಿದ್ದು, ಕಮಲಾ.