ಇಪ್ಪತ್ತೆರಡು ನಿಮಿಷ ಮುಚ್ಚಿದ ಅಂಗಡಿಗಳು

ಆಗಸ್ಟ್ 11, ಸೋಮವಾರ, ಬೆಳಿಗ್ಗೆ 6.40

ಕಾಫಿ. ಫೋರಂ. ನನ್ನ ಪ್ಲಗಿನ್ ಬಳಸುವವರ ಏಳು ಪ್ರಶ್ನೆ. ಅದರಲ್ಲಿ ನಾಲ್ಕಕ್ಕೆ ಹೋದ ವಾರವೇ ಉತ್ತರ ಬರೆದಿದ್ದೆ, ಓದುವ ಪುಣ್ಯಾತ್ಮರಿಲ್ಲ. ಮೆಕ್ಸಿಕೋದ ಒಬ್ಬ ಕ್ಷೌರದಂಗಡಿಯವನು ಜಗಳಕ್ಕೇ ಬಂದಿದ್ದಾನೆ—ಸೋಮವಾರವೂ ಮುಚ್ಚಿದೆ ಅಂತ ತೋರಿಸುತ್ತಿದೆ, ನಿಮ್ಮ ಪ್ಲಗಿನ್ ಕೆಟ್ಟಿದೆ ಅಂತ. ನೋಡಿದರೆ ಸೋಮವಾರ ರಜೆ ಎಂದು ಗುರುತು ಹಾಕಿದವನು ಅವನೇ. ನಯವಾಗಿ ಬರೆದೆ. ಹನ್ನೊಂದು ವರ್ಷದಿಂದ ನಯವಾಗಿಯೇ ಬರೆಯುತ್ತಿದ್ದೇನೆ, ಹಲ್ಲು ಕಚ್ಚಿಕೊಂಡು.

ಮರ್ಲೆನಿಯ ಫೋನ್. ಸಮ್ಮೇಳನ ನಡೆಸುವವಳು ಅವಳೇ. ವೆಬ್‌ಸೈಟ್ ಕಟ್ಟುವವರೆಲ್ಲ ವರ್ಷಕ್ಕೊಮ್ಮೆ ಸೇರುವುದು, ಈ ಸಲ ನಮ್ಮ ಕೊಚಬಂಬಾದಲ್ಲೇ. ನನ್ನ ಭಾಷಣ ಒಪ್ಪಿಕೊಂಡಿದ್ದಾರಂತೆ. ನನ್ನ ಬಗ್ಗೆ ಐದು ಸಾಲು ಬರೆದು ಕಳಿಸಬೇಕಂತೆ. ಕಳಿಸಿದೆ:

"ಎಡೆಲ್ಮಿರಾ ಸೆಂಟೆನೊ. 'ಬಾಗಿಲು' ಎಂಬ ಉಚಿತ ಪ್ಲಗಿನ್ ಬರೆದವರು. ಅದು ವೆಬ್‌ಸೈಟಿನ ಒಂದು ಮೂಲೆಯಲ್ಲಿ ಕೂತು, ಅಂಗಡಿ ಈಗ ತೆರೆದಿದೆಯೋ ಮುಚ್ಚಿದೆಯೋ ಹೇಳುತ್ತದೆ. ಮೂವತ್ತೊಂದು ಸಾವಿರ ಅಂಗಡಿಗಳು ಬಳಸುತ್ತವೆ."

ಮೂರೇ ಸಾಲಾಯಿತು. ಬರೆಯದೆ ಬಿಟ್ಟದ್ದು: ಅದನ್ನು ಮಾಡಿದ್ದು ಗಂಡ ಗೊನ್ಸಾಲೊನ ಔಷಧಿ ಅಂಗಡಿಗೆ. ಹೊರದೇಶದವರ ಪ್ಲಗಿನ್‌ಗಳಿಗೆ ದಿನಕ್ಕೆ ಒಂದೇ ಸಲ ತೆರೆಯುವುದು, ಒಂದೇ ಸಲ ಮುಚ್ಚುವುದು ಗೊತ್ತಿತ್ತು. ಮಧ್ಯಾಹ್ನ ಊಟಕ್ಕೆ ಎರಡು ಗಂಟೆ ಮುಚ್ಚುವ ಊರುಗಳೂ ಇವೆ ಎಂದು ಅವರ ತಲೆಗೆ ಹೊಳೆದಿರಲಿಲ್ಲ. ಗೊನ್ಸಾಲೊ ಬಿಟ್ಟುಹೋದ. ಪ್ಲಗಿನ್ ಉಳಿಯಿತು.

ಆಗಸ್ಟ್ 12, ಮಂಗಳವಾರ

ಭಾಷಣದ ಹೆಸರು "ಬಿಟ್ಟುಕೊಡುವುದು ಹೇಗೆ". ಕೊನೆಯಲ್ಲಿ ಸಭೆಯನ್ನೇ ಕೇಳುವವಳಿದ್ದೇನೆ—ಈ ಪ್ಲಗಿನ್ನನ್ನು ನನ್ನ ಕೈಯಿಂದ ಯಾರು ತೆಗೆದುಕೊಳ್ಳುತ್ತೀರಿ? ಮೇ ತಿಂಗಳಲ್ಲಿ ಪಿತ್ತಕೋಶದ ಆಪರೇಷನ್‌ಗೆ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆ. ಬಂದು ನೋಡಿದರೆ ನೂರ ಹನ್ನೆರಡು ಪ್ರಶ್ನೆ. ಒಬ್ಬ ಬರೆದಿದ್ದ, ಅಲ್ಲಿ ಯಾರಾದರೂ ಬದುಕಿದ್ದೀರಾ ಎಂದು. ಆಸ್ಪತ್ರೆಗೆ ನೋಡಲು ಬಂದದ್ದು ಕೆಳಮನೆಯ ಫೋರ್ತುನಾತಾ ಒಬ್ಬಳೇ, ಅದೂ ನೀರಿನ ವಾಲ್ವ್ ಎಲ್ಲಿದೆ ಎಂದು ಕೇಳಲು.

ಇದನ್ನು ಓದುವವರಿಲ್ಲ, ಬರೆದುಬಿಡುತ್ತೇನೆ. ಯಾರೂ ತೆಗೆದುಕೊಳ್ಳದಿದ್ದರೆ ಎಂಬ ಭಯ ಇದೆ. ತೆಗೆದುಕೊಂಡುಬಿಟ್ಟರೆ ಎಂಬ ಭಯ ಅದಕ್ಕಿಂತ ದೊಡ್ಡದು. ಹೋದ ವಾರ ಫೋರಂನಲ್ಲಿ ನಲವತ್ತು ಜನ ನನ್ನ ಜೊತೆ ಮಾತಾಡಿದ್ದಾರೆ. ಎದುರಿಗೆ, ಬಾಯಿಬಿಟ್ಟು—ಮೂವರು.

ಸೆಪ್ಟೆಂಬರ್ 14, ಭಾನುವಾರ

ಊರ ಹಬ್ಬ. ಬೀದಿ ತುಂಬ ಬ್ಯಾಂಡು. ಕಿಟಕಿ ಹಾಕಿಕೊಂಡು ಒಲೆಯ ಮುಂದೆ ನಿಂತು ಭಾಷಣ ಅಭ್ಯಾಸ ಮಾಡಿದೆ. ಮೂವತ್ತು ನಿಮಿಷದ್ದು ಐವತ್ತೆರಡು ಆಯಿತು. ಒಲೆ ಏನೂ ಅನ್ನಲಿಲ್ಲ.

ಸೆಪ್ಟೆಂಬರ್ 27, ಶನಿವಾರ, ಬೆಳಿಗ್ಗೆ 6

ನಿನ್ನೆ ಸಂಜೆ ಭಾಷಣಕಾರರಿಗೆ ಊಟ. ಹದಿನಾಲ್ಕು ಜನ. ಎಲ್ಲರೂ ಎಲ್ಲರಿಗೂ ಗೊತ್ತು. ನನ್ನನ್ನು ಕಂಡು "ಅಯ್ಯೋ, ನೀವು ಹೆಂಗಸಾ?" ಅಂದ ಒಬ್ಬ. ಏಳು ವರ್ಷದಿಂದ ಫೋರಂನಲ್ಲಿ ನನ್ನನ್ನು 'ಅಣ್ಣ' ಅನ್ನುತ್ತಿದ್ದವನು. ನಕ್ಕೆ. ಇನ್ನೇನು ಮಾಡುವುದು.

ಈ ಸಮ್ಮೇಳನಗಳಲ್ಲಿ ಒಂದು ಪದ್ಧತಿ ಇದೆ. ನಿಂತು ಮಾತಾಡುವಾಗ ಗುಂಪಿನಲ್ಲಿ ಒಬ್ಬರ ಜಾಗ ಖಾಲಿ ಬಿಡಬೇಕು, ಹೊಸಬರು ಬಂದು ಸೇರಿಕೊಳ್ಳಲಿ ಅಂತ. ಬಿಟ್ಟಿದ್ದರು, ಪಾಪ. ಪ್ರತಿ ಗುಂಪಿನಲ್ಲೂ ಬಿಟ್ಟಿದ್ದರು. ನಾನು ಆ ಖಾಲಿ ಜಾಗದಿಂದ ಎರಡು ಹೆಜ್ಜೆ ಹಿಂದೆ ನಿಂತು ಫೋನ್ ನೋಡುತ್ತಿದ್ದೆ. ಕಾಲು ಮುಂದೆ ಬರಲೇ ಇಲ್ಲ.

ಬೂದು ಬಣ್ಣದ ಕೋಟು ಇಸ್ತ್ರಿ ಮಾಡಿದೆ. ಹತ್ತೂವರೆಗೆ ನನ್ನ ಭಾಷಣ.

ಅದೇ ದಿನ, ಸಂಜೆ 4.30

ಆದದ್ದು ಆದ ಹಾಗೆ ಬರೆಯುತ್ತೇನೆ.

ಸುಮಾರು ಎಂಬತ್ತು ಜನ. ಶುರುವಿನಲ್ಲಿ ತಡವರಿಸಿದೆ, ಆಮೇಲೆ ಸರಿಹೋಯಿತು. ಕ್ಷೌರದಂಗಡಿಯವನ ಕತೆಗೆ ನಕ್ಕರು. ಹೊಸ ಅಪ್‌ಡೇಟ್ ಹೇಗೆ ಹೊರಬಿಡುವುದು ಎಂದು ಅಲ್ಲೇ ಮಾಡಿ ತೋರಿಸುವುದಿತ್ತು. ಅದಕ್ಕೆಂದೇ ಅಭ್ಯಾಸದ ಪ್ರತಿಯೊಂದನ್ನು ಮಾಡಿಟ್ಟಿದ್ದೆ. ಕೊನೆಯ ಸಾಲಿನವರಿಗೂ ಕಾಣಲಿ ಎಂದು ಅದರಲ್ಲಿ ಯಾವ ಹೊತ್ತಿಗೂ ಕೆಂಪಕ್ಷರದಲ್ಲಿ "ಮುಚ್ಚಿದೆ" ಎಂದೇ ಬರುವಂತೆ ಮಾಡಿದ್ದೆ. ಅಭ್ಯಾಸದ ಕಿಟಕಿಗೆ ಹಳದಿ ಪಟ್ಟಿ, ನಿಜವಾದದ್ದಕ್ಕೆ ನೀಲಿ. ನನ್ನ ಮನೆಯ ಪರದೆಯಲ್ಲಿ. ಸಭೆಗೆಂದು ಆ ಪಟ್ಟಿಗಳನ್ನು ಕಪ್ಪು-ಬಿಳುಪು ಮಾಡಿಕೊಂಡಿದ್ದೆ. ಎರಡೂ ಒಂದೇ ಥರ. ಬಟನ್ ಒತ್ತಿದೆ.

ಚಪ್ಪಾಳೆ ತಟ್ಟಿದರು. ನಾನೂ ಬೀಗಿದೆ, ಸುಳ್ಳೇಕೆ ಹೇಳಲಿ.

ಇನ್ನೇನು ಕೊನೆಯ ಮಾತಿಗೆ ಬರಬೇಕು, ಮೂರನೇ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ಅತ್ತೆಯ ಬೇಕರಿ ಮುಚ್ಚಿದೆ ಅಂತ ಬರುತ್ತಿದೆಯಂತೆ, ಅತ್ತೆ ಒಳಗೇ ಕೂತಿದ್ದಾಳಂತೆ. ಎಲ್ಲರೂ ಫೋನ್ ತೆಗೆದರು. ಗ್ವಾಟೆಮಾಲಾದ ಚಪ್ಪಲಿ ಅಂಗಡಿ—ಮುಚ್ಚಿದೆ. ಲೀಮಾದ ಹಲ್ಲಿನ ಡಾಕ್ಟರು—ಮುಚ್ಚಿದೆ. ತಾನಾಗಿ ಅಪ್‌ಡೇಟ್ ಆಗುವ ಅಂಗಡಿಗಳೆಲ್ಲ ಒಂದಾದ ಮೇಲೊಂದು. ಅಭ್ಯಾಸದ ಪ್ರತಿಯನ್ನು ನಿಜವಾದ ಕಿಟಕಿಯಿಂದ ಹೊರಬಿಟ್ಟಿದ್ದೆ. ಶನಿವಾರ ಬೆಳಿಗ್ಗೆ, ವ್ಯಾಪಾರದ ಹೊತ್ತು.

ನೆಲದ ಮೇಲೇ ಕೂತುಬಿಟ್ಟೆ, ವೇದಿಕೆಯ ಅಂಚಿನಲ್ಲಿ, ಲ್ಯಾಪ್‌ಟಾಪ್ ತೊಡೆಯ ಮೇಲೆ. ಬೆರಳು ಒಂದೂ ಸರಿಯಾದ ಅಕ್ಷರದ ಮೇಲೆ ಬೀಳುತ್ತಿಲ್ಲ. ಯಾರೋ ಬಂದು ಪಕ್ಕದಲ್ಲಿ ಕೂತರು. ಒರುರೋ ಊರಿನವನು, ಓವಿದಿಯೊ ಟಾರ್ಕಿ, ಮೂವತ್ತರ ಆಸುಪಾಸು, ಹಲ್ಲಿನ ಡಾಕ್ಟರುಗಳಿಗೆ ವೆಬ್‌ಸೈಟ್ ಕಟ್ಟುವವನು. ಅದೆಲ್ಲ ಗೊತ್ತಾದದ್ದು ಆಮೇಲೆ.

"ಇಂಜಿನಿಯರಮ್ಮ, ನೀವು ಬಾಯಲ್ಲಿ ಹೇಳ್ತಾ ಹೋಗಿ. ನಾನು ಟೈಪ್ ಮಾಡ್ತೀನಿ."

ಹೇಳಿದೆ. ಅವನು ಟೈಪ್ ಮಾಡಿದ. ಮರ್ಲೆನಿ ಮುಂದಿನ ಭಾಷಣವನ್ನು ಬೇರೆ ಕೋಣೆಗೆ ಹಾಕಿದಳು. ನಲವತ್ತು ಜನ ಜಾಗ ಬಿಟ್ಟು ಕದಲಲಿಲ್ಲ. ಫೋರಂನಲ್ಲಿ ಬೈಗುಳ ಸುರಿಯುತ್ತಿದ್ದವು, ಒಬ್ಬೊಬ್ಬರು ಹತ್ತತ್ತು ಹಂಚಿಕೊಂಡು ಉತ್ತರ ಬರೆದರು. "ಇವನಿಗೆ ಏನಂತ ಬರೀಲಿ, ಇಂಜಿನಿಯರಮ್ಮ?" ಎಂದು ಆ ಕಡೆಯಿಂದ ಒಬ್ಬ, ಈ ಕಡೆಯಿಂದ ಒಬ್ಬ. ನಯವಾಗಿ ಬರೆಯಿರಿ ಅಂದೆ. ಯಾರೋ ನನ್ನ ಕೈಗೆ ಸಾಲ್ತೆನ್ಯಾ, ಮಾಂಸದ ಕಡುಬು, ಕೊಟ್ಟರು. ಕಚ್ಚಿದೊಡನೆ ಒಳಗಿನ ಸಾರು ಇಸ್ತ್ರಿ ಮಾಡಿದ ಕೋಟಿನ ಮೇಲೆಲ್ಲ ಇಳಿಯಿತು.

ನಡುವೆ ಫೋನ್. ಗೊನ್ಸಾಲೊ. ಆರು ವರ್ಷದ ಮೇಲೆ ಅವನ ದನಿ.

"ಎಡೆಲ್, ಅಂಗಡಿ ತೆರೆದೇ ಇದೆಯಲ್ಲೇ. ಮುಚ್ಚಿದೆ ಅಂತಿದೆ ನಿನ್ನದು."

"ಐದು ನಿಮಿಷ ತಾಳು," ಅಂದೆ.

"ಸರಿ," ಅಂದು ಇಟ್ಟ. ಅಷ್ಟೇ.

ಇಪ್ಪತ್ತೆರಡು ನಿಮಿಷಕ್ಕೆ ಸರಿಹೋಯಿತು. ಬೇಕರಿ ತೆರೆಯಿತು ಎಂದು ಆ ಹುಡುಗಿ ಕೂಗಿದಾಗ ಇಡೀ ಸಭೆ ಎದ್ದು ನಿಂತಿತು. ನಾನು ಅತ್ತುಬಿಟ್ಟೆ. ನಾಚಿಕೆಯಿಂದ ಅಂತ ಎಲ್ಲರೂ ತಿಳಿದರು, ಸಮಾಧಾನ ಮಾಡಿದರು. ನಾಚಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅತ್ತದ್ದು ಅದಕ್ಕಲ್ಲ. ನನ್ನ ಸುತ್ತ ಅಷ್ಟು ಜನ ಕೂತು ಎಷ್ಟು ವರ್ಷವಾಗಿತ್ತೋ. ಅಷ್ಟು ಬೇಗ ಸರಿಹೋಗದಿದ್ದರೆ ಚೆನ್ನಾಗಿತ್ತು ಎಂದು ಒಂದು ಗಳಿಗೆ ಅನ್ನಿಸಿತು. ಸಾವಿರಾರು ಜನರ ವ್ಯಾಪಾರ ಕೆಡಿಸಿ ಹಾಗೆ ಅಂದುಕೊಂಡವಳು ನಾನು. ಬರೆದಿರಲಿ.

ಕೇಳಬೇಕಾದದ್ದನ್ನು ಕೇಳಲೇ ಇಲ್ಲ.

ಸೆಪ್ಟೆಂಬರ್ 28, ಭಾನುವಾರ, ಸಂಜೆ

ಎರಡನೇ ದಿನ ಭಾಷಣವಿಲ್ಲ. ಮೇಜುಗಳ ಸುತ್ತ ಕೂತು ಎಲ್ಲರೂ ಸೇರಿ ಕೆಲಸ ಮಾಡುವುದು. ಓವಿದಿಯೊ ತಾನಾಗಿಯೇ ನನ್ನ ಮೇಜಿಗೆ ಬಂದ. ಕೊನೆಯಲ್ಲಿ ಏನೋ ಕೇಳುತ್ತೇನೆ ಅಂದಿದ್ದಿರಲ್ಲ, ಏನದು ಎಂದ. ಹೇಳಿದೆ. ಕಾಫಿ ಲೋಟ ಕೆಳಗಿಟ್ಟ.

"ನಾನು ನೋಡ್ಕೋತೀನಿ ಬಿಡಿ. ನೀವು ಒಬ್ಬರೇ ಎಷ್ಟು ದಿನ ಅಂತ ಹೊರ್ತೀರಾ?"

ಹನ್ನೊಂದು ವರ್ಷ ಎಂದು ಬಾಯಿಗೆ ಬಂತು, ನುಂಗಿದೆ. ಅವನ ಹೆಸರು ಸೇರಿಸಲು ಎರಡು ನಿಮಿಷ. ನನ್ನದು ತೆಗೆಯಲು ಅರ್ಧ ನಿಮಿಷ. ಖಚಿತವೇ ಎಂದು ಕಂಪ್ಯೂಟರ್ ಒಮ್ಮೆ ಕೇಳಿತು. ಹೌದು ಅಂದೆ. ಏನು ಬೇಕಾದರೂ, ಯಾವ ಹೊತ್ತಿಗಾದರೂ ಕೇಳು ಎಂದು ಅವನಿಗೆ ಮೂರು ಸಲ ಹೇಳಿದೆ. ಮೂರನೇ ಸಲ ನನಗೇ ಕೇಳಿಸಿತು, ಬೇಡುತ್ತಿದ್ದೇನೆ ಎಂದು.

ಟ್ರೂಫಿ ವ್ಯಾನ್ ಹಿಡಿದು ಮನೆಗೆ ಬಂದೆ. ಹೊತ್ತಿದ್ದ ಭಾರ ಇಳಿದಿದೆ. ಹಗುರವಾಗಬೇಕಿತ್ತು.

ಅಕ್ಟೋಬರ್ 6, ಸೋಮವಾರ, ಬೆಳಿಗ್ಗೆ 6.30

ಕಾಫಿ. ಅಭ್ಯಾಸಬಲ, ಫೋರಂ ತೆರೆದೆ. ಒಂಬತ್ತು ಪ್ರಶ್ನೆ, ಒಂಬತ್ತಕ್ಕೂ ಉತ್ತರ ಆಗಿದೆ. ಓವಿದಿಯೊ ಚೆನ್ನಾಗಿ ಬರೆಯುತ್ತಾನೆ. ನನಗಿಂತ ಚೆನ್ನಾಗಿ. ಜನ ಅವನಿಗೆ ಥ್ಯಾಂಕ್ಸ್ ಹೇಳುತ್ತಿದ್ದಾರೆ. ನನಗೆ ಹೇಳುತ್ತಿರಲಿಲ್ಲ.

ಏಳು ಗಂಟೆಗೆ ಮಾಡಲು ಏನೂ ಇಲ್ಲ. ಫೋರ್ತುನಾತಾಳ ಬಾಗಿಲು ತಟ್ಟಿ, ನೀರಿನ ವಾಲ್ವ್ ಸರಿ ಇದೆಯಾ ಎಂದೆ. "ಏನಾಯ್ತ್ರೀ ನಿಮಗೆ, ಹುಷಾರಿಲ್ವಾ?" ಅಂದಳು. ಇದ್ದೇನೆ ಅಂದು ಮೇಲೆ ಬಂದೆ.

ನವೆಂಬರ್ 3, ಸೋಮವಾರ

ಸತ್ತವರ ಹಬ್ಬ ಮುಗಿಯಿತು. ಅಮ್ಮನಿಗೆಂದು ಇಟ್ಟ ರೊಟ್ಟಿ ಮಿಕ್ಕಿದೆ, ಒಬ್ಬಳೇ ಎಷ್ಟು ತಿನ್ನುವುದು.

ಓವಿದಿಯೊನ ಫೋನ್ ಬಂತು! ತಲೆ ಬಾಚಿಕೊಂಡೇ ಎತ್ತಿದೆ, ಬರೀ ದನಿಯ ಫೋನ್‌ಗೆ. ಏನೋ ದೊಡ್ಡ ತೊಂದರೆ ಇರಬೇಕು, ಒಂದು ಗಂಟೆಯಾದರೂ ಬೇಕಾದೀತು ಎಂದು ಪೆನ್ನು ಕಾಗದ ಇಟ್ಟುಕೊಂಡಿದ್ದೆ. ಅವನು ಹಳೆಯ ಕೋಡ್ ಗುಡಿಸುತ್ತಿದ್ದಾನೆ. ಇನ್ನೂರ ಹನ್ನೆರಡನೇ ಸಾಲಿನ ಪಕ್ಕ ನಾನು ಯಾವತ್ತೋ ಬರೆದುಕೊಂಡ ಟಿಪ್ಪಣಿ ಸಿಕ್ಕಿದೆಯಂತೆ. ಓದಿದ.

"'ಹನ್ನೆರಡೂವರೆಗೆ ಮುಚ್ಚು. ಗೊನ್ಸಾಲೊ ಊಟಕ್ಕೆ ಬರುತ್ತಾನೆ.' ಇದು ಏನಕ್ಕಾದ್ರೂ ಬೇಕಾ ಇಂಜಿನಿಯರಮ್ಮ? ತೆಗೀಬಹುದಾ?"

"ತೆಗಿ," ಅಂದೆ. "ಕೆಲಸಕ್ಕೆ ಬರಲ್ಲ ಅದು."

ಒಂದೂವರೆ ನಿಮಿಷದ ಫೋನ್. ಮರ್ಲೆನಿ ನನ್ನ ಭಾಷಣದ ವಿಡಿಯೋ ಹಾಕಿದ್ದಾಳಂತೆ, ಎಲ್ಲಕ್ಕಿಂತ ಹೆಚ್ಚು ಜನ ನೋಡಿದ್ದು ಅದನ್ನೇ ಎಂದೂ ಹೇಳಿದ. ನಾನೂ ನೋಡಿದೆ. ನೆಲದ ಮೇಲೆ ಕೂತಿದ್ದೇನೆ, ಸುತ್ತ ಜನ, ಕೋಟಿನ ಮೇಲೆ ಕಲೆ. ಅಲ್ಲಿಗೆ ಬಂದಾಗ ನಿಲ್ಲಿಸಿದೆ. ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ದೆ.

ಡಿಸೆಂಬರ್ 4, ಗುರುವಾರ

ನಾಚಿಕೆಗೇಡು. ಬರೆಯಲೂ ನಾಚಿಕೆ. ಫೋರಂನಲ್ಲಿ ಹೊಸ ಖಾತೆ ತೆರೆದೆ. ಪುನಾತಾ ಊರಿನಲ್ಲಿ ಗುಂಡಿ, ಜಿಪ್ಪು ಮಾರುವ ಹೆಂಗಸು ಎಂದು ಬರೆದುಕೊಂಡೆ. ಮಧ್ಯಾಹ್ನ ಮುಚ್ಚುವುದನ್ನು ಹೇಗೆ ಹಾಕುವುದು, ಗೊತ್ತಾಗುತ್ತಿಲ್ಲ ಎಂದು ಕೇಳಿದೆ. ನನ್ನ ಪ್ಲಗಿನ್‌ನಲ್ಲಿ. ನಾನು.

ಹನ್ನೊಂದು ನಿಮಿಷಕ್ಕೆ ಓವಿದಿಯೊನ ಉತ್ತರ. "ನಮಸ್ಕಾರ ಅಮ್ಮ. ಗಾಬರಿ ಬೇಡ, ಎಲ್ಲರಿಗೂ ಇಲ್ಲೇ ಗೊಂದಲ ಆಗೋದು. ಒಂದೊಂದಾಗಿ ಹೇಳ್ತೀನಿ." ಒಂದೊಂದಾಗಿ ಹೇಳಿದ. ಗೊತ್ತಾಗಲಿಲ್ಲ ಎಂದು ಎರಡು ಸಲ ಬರೆದೆ. ಎರಡು ಸಲವೂ ಬೇಸರಿಸದೆ ಹೇಳಿದ, ಚಿತ್ರ ಬರೆದು ಬಾಣ ಹಾಕಿ ತೋರಿಸಿದ. ಸಂಜೆಯವರೆಗೂ ಬರೆದುಕೊಂಡೆವು.

ಡಿಸೆಂಬರ್ 5, ಶುಕ್ರವಾರ, ಬೆಳಿಗ್ಗೆ 6.30

ಕಾಫಿ ಆರಿದೆ. ಅವನದು ಬಂದಿದೆ. "ಈಗ ಸರಿಹೋಯ್ತಾ ಅಮ್ಮ? ಬೇರೆ ಏನೂ ಇಲ್ಲ ಅಂದ್ರೆ ಈ ಪ್ರಶ್ನೆ ಮುಗೀತು ಅಂತ ಹಾಕ್ತೀನಿ." ಹಾಗೆ ಹಾಕಿದರೆ ಆ ಪುಟದಲ್ಲಿ ಮತ್ತೆ ಬರೆಯಲು ಬರುವುದಿಲ್ಲ. ಆ ನಿಯಮ ಮಾಡಿದ್ದೇ ನಾನು, ಜನ ಸುಮ್ಮನೆ ಹರಟುತ್ತಾರೆ ಅಂತ.

ಸರಿಹೋಯಿತು, ಆದರೆ ಮುಗಿಸಬೇಡಿ ಎಂದು ಬರೆದೆ. ಕಳಿಸಿಯೂ ಬಿಟ್ಟೆ. ಆಗಲೇ ಉತ್ತರ ಬಂತು—ಹೇಳಿ ಅಮ್ಮ, ಇನ್ನೇನು ಬೇಕಿತ್ತು, ಅಂತ. ಒಂದೇ ಪದ ಟೈಪ್ ಮಾಡಿ ಕೂತಿದ್ದೇನೆ:

ನನಗೆ