ಅಜ್ಜ ಉಯಿಲು ಬರೆಯದ ಜಮೀನು

ಡರ್ಹಮ್
ಮಾರ್ಚ್ ೯, ಭಾನುವಾರ

ನನ್ನ ಜಗಮೊಂಡಿ ಅಮ್ಮನಿಗೆ,

ಮೊದಲು ಬೈಗುಳ. ನಾನಿನ್ನೂ ಡಿಗ್ರಿ ಎರಡನೇ ವರ್ಷ. ಲಾ ಕಾಲೇಜಿಗೆ ಅರ್ಜಿ ಹಾಕೋಕೇ ಇನ್ನೂ ಎಷ್ಟೋ ಕಾಲ ಇದೆ. ನೀನು ಆಗಲೇ ಚರ್ಚಿನಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ, ಪಾದ್ರಿಗಳ ಕೈಲಿ "ನಮ್ಮ ಲಾಯರಿಗೆ ಎಲ್ಲ ಆಮೆನ್ ಅನ್ನಿ" ಅಂತ ಹೇಳಿಸಿಬಿಟ್ಟೆ! ಈಗ ಚರ್ಚಿನ ಬಿಳಿ ಟೋಪಿಯ ಅಜ್ಜಿಯರೆಲ್ಲ ಫೋನ್ ಮಾಡಿ, "ಏನೇ ಲಾಯರಮ್ಮ, ನಮ್ಮ ಕೇಸೂ ಸ್ವಲ್ಪ ನೋಡೇ" ಅಂತಾರೆ. ನಗು ಬರುತ್ತೆ, ಆಮೇಲೆ ನಿದ್ದೆ ಬರಲ್ಲ.

ಸುಮ್ಮನೆ ಕೂತಿಲ್ಲ, ನಂಬು. ಇಲ್ಲಿ ನಮ್ಮ ಕರಿಯರದೇ ಲಾ ಕಾಲೇಜಿನ ಸೀನಿಯರ್‌ಗಳು ಶನಿವಾರ ಶನಿವಾರ ಪ್ರವೇಶ ಪರೀಕ್ಷೆಗೆ ಪಾಠ ಹೇಳ್ತಾರೆ. ಅಲ್ಲಿ ನಾನೇ ಎಲ್ಲರಿಗಿಂತ ಚಿಕ್ಕವಳು. "ನಿನಗ್ಯಾಕೇ ಇಷ್ಟು ಅವಸರ?" ಅಂತ ಪಾಠ ಹೇಳೋ ಇಮಾನಿ ಅಕ್ಕ ರೇಗಿಸಿದಾಗ ನಮ್ಮ ಜಮೀನಿನ ಕಥೆ ಹೇಳಿದೆ. ಬಿಳಿಯರ ಕೋರ್ಟಿನ ಮೆಟ್ಟಿಲು ಹತ್ತಲ್ಲ ಅಂತ ಅಜ್ಜ ಉಯಿಲೇ ಬರೆಯಲಿಲ್ಲ, ಕಾಗದವೇ ಇಲ್ಲದಿದ್ರೆ ಯಾರೂ ಕಿತ್ಕೊಳ್ಳೋಕಾಗಲ್ಲ ಅಂತ ನೀವೆಲ್ಲ ನಂಬಿದ್ದೀರಿ ಅಂದೆ. ಅವಳ ನಗು ನಿಂತುಹೋಯ್ತು.

ಅಮ್ಮ, ಅದು ಪೂರ್ತಿ ತಲೆಕೆಳಗು. ಉಯಿಲಿಲ್ಲದ ಜಮೀನು ಎಲ್ಲ ವಾರಸುದಾರರದೂ. ಒಬ್ಬರು ತಮ್ಮ ಪಾಲು ಹೊರಗಿನವನಿಗೆ ಮಾರಿದರೂ ಸಾಕು, ಅವನು ಕೋರ್ಟಿಗೆ ಹೋಗಿ ಇಡೀ ಜಮೀನನ್ನೇ ಹರಾಜಿಗೆ ತರಬಹುದು. ಗೆಣಸಿನ ಹೊಲ, ಅಜ್ಜ ಅಜ್ಜಿಯ ಸಮಾಧಿ, ಎಲ್ಲ. "ನನ್ನ ಮಗಳು ಲಾಯರ್ ಆಗಿ ಬರಲಿ, ಸರಿ ಮಾಡ್ತಾಳೆ" ಅಂತೀಯ. ನಾನು ಬರೋಷ್ಟರಲ್ಲಿ ಅಲ್ಲಿ ಏನಿರುತ್ತೆ? ಪುಸ್ತಕ ಹಿಡಿದರೆ ಒಂದು ಸಾಲೂ ತಲೆಗೆ ಹತ್ತುತ್ತಿಲ್ಲ. ಭಯ ಆಗ್ತಿದೆ ಕಣಮ್ಮ.

ಈಗಲೇ ಒಬ್ಬ ಲಾಯರನ್ನು ಹಿಡಿ. ಜಮೀನು ಹರಾಜಾಗದ ಹಾಗೆ ಕಾಗದ ಮಾಡಿಸೋಕೆ ವಾರಸುದಾರರೆಲ್ಲರ ಸಹಿ ಬೇಕಂತೆ. ಅಂದ್ರೆ ಲೂಷಿಯಸ್ ಮಾವನದೂ. ಅಜ್ಜಿಯ ಮಣ್ಣಿಗೆ ಬರಲಿಲ್ಲ ಅಂತ ನಿನ್ನಣ್ಣನ ಹೆಸರೆತ್ತೋದನ್ನೇ ಬಿಟ್ಟಿದ್ದೀಯ, ಗೊತ್ತು. ಸಿಟ್ಟು ಆಮೇಲೆ ಮಾಡ್ಕೋ. ಮೊದಲು ಫೋನ್ ಮಾಡು.

ಇನ್ನೂ ಲಾಯರ್ ಆಗದ ನಿನ್ನ ಮಗಳು,
ಡೆಲ್ಫೀನ್

ತಾ.ಕ.: ನಿನ್ನೆ ಪಾಠಕ್ಕೆ ಚಕ್ಕರ್ ಹೊಡೆದೆ. ಬಸ್ ಹತ್ತಿ ಬಾಲ್ಟಿಮೋರಿಗೆ, ಮಾವನ ಮನೆಗೆ ಹೋಗಿದ್ದೆ. ಬೈಬೇಡ. ಪಾಲು ಮಾರು ಅಂತ ಕೊಳ್ಳುವವರು ಬಂದು ಪೀಡಿಸ್ತಿದ್ದಾರಂತೆ. ಮಾವ ಅವರ ಕಾಗದಕ್ಕೆ ಸಹಿ ಹಾಕಿಲ್ಲ. ತುಂಬಾ ಸೊರಗಿದ್ದಾರೆ, ಡಯಾಲಿಸಿಸ್ ಮೇಲಿದ್ದಾರೆ. ಅಜ್ಜಿ ಹೋದಾಗಲೂ ಆಸ್ಪತ್ರೆಯಲ್ಲೇ ಇದ್ದರಂತೆ, ನಿನಗೆ ಹೇಳಕೂಡದು ಅಂತ ಮನೆಯವರಿಗೆ ತಾಕೀತು ಮಾಡಿದ್ದರಂತೆ. ನಮ್ಮ ಕಾಗದಕ್ಕೆ ಸಹಿ ಹಾಕೋಕೆ ಒಂದೇ ಮಾತು ಕೇಳಿದರು: "ನನ್ನನ್ನ ಅಮ್ಮನ ಪಕ್ಕದಲ್ಲೇ ಮಣ್ಣು ಮಾಡ್ತಾಳಾ ಕೇಳು." ನಿನ್ನ ಪರವಾಗಿ ನಾನೇ ಹೂಂ ಅಂದುಬಿಟ್ಟೆ. ಇದು ನನ್ನ ಮೊದಲ ಕೇಸು. ಸೋಲಿಸಬೇಡ.